ಪತ್ತನಾಜೆಯಿಂದ ದೀಪಾವಳಿಯವರೆಗೆ ನಿಲ್ಲುವ ಕಾರು

ಏಪ್ರಿಲ್ ತಿಂಗಳ ಒಂದು ರಾತ್ರಿ ಕರೆಂಟು ಹೋಗಿ, ಬೀಸಣಿಗೆ ಹಿಡಿದು ಜಗಲಿಯಲ್ಲಿ ಕುಳಿತಿದ್ದೆ. ಇಂಗ್ಲೆಂಡಿನಿಂದ ಅಳಿಯನ ಫೋನು ಬಂತು. ಅಳಿಯನೆಂದರೆ ಅಕ್ಕನ ಮಗ. ನಮ್ಮ ಕಡೆ ಆ ಪದದ ಮೇಲೆ ಮಗಳ ಗಂಡನಿಗಿಂತ ಅಕ್ಕನ ಮಗನಿಗೇ ಹಕ್ಕು ಹೆಚ್ಚು. ಊಟ, ಮಳೆ, ಅಮ್ಮನ ಮಂಡಿನೋವು ಎಲ್ಲ ಮುಗಿದ ಮೇಲೆ ಸ್ವಲ್ಪ ತಡೆದು ಹೇಳಿದ: “ಮಾವ, ಒಂದು ಹಳೆಯ ಕಾರು ತೆಗೆದುಕೊಳ್ಳುವ ಎಂದಿದ್ದೇನೆ. ಜಾಗ್ವಾರ್ ಎಕ್ಸ್‌ಜೆ-ಎಸ್, ಇಲ್ಲವಾದರೆ ಪೋರ್ಷೆ 928. ಐದಾರು ವರ್ಷ ಇಲ್ಲೇ ಓಡಿಸಿ, ಊರಿಗೆ ಬರುವಾಗ ಹೇಗಾದರೂ ಜೊತೆಗೆ ತರಬೇಕು. ಯಾವುದು ಒಳ್ಳೆಯದು? ನಿಮಗೆ ಗೊತ್ತಿರುತ್ತದಲ್ಲ, ನಿಮ್ಮ ಹತ್ತಿರ ಜಾಗ್ವಾರ್ ಇತ್ತಲ್ಲ.”

ಇರಲಿಲ್ಲ. ಎಂದೂ ಇರಲಿಲ್ಲ. ಇದ್ದದ್ದು ಒಂದು ಫೋಟೋ. 1993ರಲ್ಲಿ ಶಾರ್ಜಾದ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ನಾನು ಬಿಡಿಭಾಗಗಳ ಕೌಂಟರಿನ ಗುಮಾಸ್ತನಾಗಿದ್ದೆ. ರಿಪೇರಿಗೆ ಬಂದಿದ್ದ ಕಡುಹಸಿರು ಬಣ್ಣದ ಎಕ್ಸ್‌ಜೆ-ಎಸ್ ಒಂದರ ಛಾವಣಿಯ ಮೇಲೆ ಮೊಣಕೈ ಊರಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದೇನೆ. ಊರಿಗೆ ಹೊರಟಿದ್ದ ಒಬ್ಬರ ಕೈಯಲ್ಲಿ ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ಮಡಚುವ ಕೊಡೆಗಳ ಜೊತೆ ಆ ಫೋಟೋವನ್ನೂ ಕಲ್ಯಾಣಪುರದ ಅಕ್ಕನ ಮನೆಗೆ ಕಳುಹಿಸಿದೆ. ಇದು ನನ್ನ ಕಾರು ಎಂದು ಬರೆದಿರಲಿಲ್ಲ. ಅಲ್ಲವೆಂದೂ ಬರೆದಿರಲಿಲ್ಲ. ಅಕ್ಕ ಅದನ್ನು ಗಾಜಿನ ಕಪಾಟಿನಲ್ಲಿ, ಶಾರ್ಜಾದಿಂದ ನಾನೇ ಕಳುಹಿಸಿದ್ದ ಊಟದ ಸೆಟ್ಟಿನ ಪಕ್ಕ ನಿಲ್ಲಿಸಿದಳು. ಆಗ ಆರು ವರ್ಷದವನಾಗಿದ್ದ ಅಳಿಯ ಅದನ್ನು ನೋಡುತ್ತ ದೊಡ್ಡವನಾದ. ಕೊಲ್ಲಿ ದೇಶಗಳಿಗೆ ಹೋದ ನಮ್ಮ ತಲೆಮಾರಿನ ಎಷ್ಟು ಜನ ಯಾರ್ಯಾರದೋ ಕಾರುಗಳಿಗೆ ಒರಗಿ ನಿಂತಿದ್ದೇವೋ, ಕರಾವಳಿಯ ಗಾಜಿನ ಕಪಾಟುಗಳನ್ನೇ ಕೇಳಬೇಕು.

ಅಳಿಯನಿಗೆ “ನೋಡಿ ಹೇಳುತ್ತೇನೆ” ಎಂದೆ. ಅಂದಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಕಾರು ನನ್ನದಲ್ಲದಿದ್ದರೂ ಇಪ್ಪತ್ತೆರಡು ವರ್ಷ ಅಂಥ ಕಾರುಗಳ ಹೊಟ್ಟೆಯೊಳಗಿನ ಸಾಮಾನುಗಳನ್ನು ಎಣಿಸಿ, ತರಿಸಿ, ರಸೀದಿ ಹರಿದು ಕೊಟ್ಟವನು ನಾನು. ಯಾವ ಕಾರು ಏನನ್ನು ಎಷ್ಟು ಸಲ ಕೇಳುತ್ತದೆ ಎಂಬುದು ಅದರ ಯಜಮಾನನಿಗಿಂತ ಕೌಂಟರಿನ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕಿರಿಸೊಸೆಯರು

ಇವೆರಡನ್ನು ಹೋಲಿಸಲು ಕೂತರೆ ಮೊದಲು ಕಾಣುವುದು ವ್ಯತ್ಯಾಸವಲ್ಲ, ಇಬ್ಬರ ಹಣೆಬರಹವೂ ಒಂದೇ ಎಂಬುದು. ಜಾಗ್ವಾರ್ ಮನೆಯ ಇ-ಟೈಪ್ ಎಂಬ, ಜಗತ್ತೇ ಮೆಚ್ಚಿದ ಹಿರಿಸೊಸೆ 1974ರಲ್ಲಿ ಕಣ್ಣು ಮುಚ್ಚಿದ ಮೇಲೆ, 1975ರ ಸೆಪ್ಟೆಂಬರಿನಲ್ಲಿ ಎಕ್ಸ್‌ಜೆ-ಎಸ್ ಆ ಮನೆಯ ಹೊಸ್ತಿಲು ದಾಟಿತು. ಬಂದ ದಿನದಿಂದ ಅದರ ತಪ್ಪು ಒಂದೇ: ಅದು ಇ-ಟೈಪ್ ಆಗಿರಲಿಲ್ಲ. ಹಿಂಬದಿಯ ಗಾಜಿನ ಎರಡೂ ಪಕ್ಕಕ್ಕೆ ಛಾವಣಿಯಿಂದ ಡಿಕ್ಕಿಯವರೆಗೆ ಇಳಿಯುವ ಆ ಎರಡು ರೆಕ್ಕೆಗಳನ್ನು ಕಂಡು ಜನ ಮೂಗು ಮುರಿದರು. ಅದರ ಮೊದಲ ಗೆರೆಗಳನ್ನು ಎಳೆದವರಲ್ಲಿ ಇ-ಟೈಪಿನ ಮೈಮಾಟ ಕೊಟ್ಟ ಮಾಲ್ಕಮ್ ಸೇಯರ್ ಅವರೇ ಇದ್ದರು. ವಿಮಾನದ ಲೆಕ್ಕಾಚಾರ ಬಲ್ಲ ಅವರು, ವೇಗದಲ್ಲಿ ಅಡ್ಡಗಾಳಿ ಹೊಡೆದರೂ ಕಾರು ಅಲುಗಬಾರದೆಂದು ಆ ರೆಕ್ಕೆಗಳನ್ನು ಇಟ್ಟಿದ್ದು. ಕಾರು ಹೊರಬರುವುದಕ್ಕೆ ಐದು ವರ್ಷ ಮೊದಲೇ, 1970ರಲ್ಲಿ ಅವರು ತೀರಿಕೊಂಡರು. ಬಂದ ಮಾತಿಗೆ ಉತ್ತರ ಕೊಡಲು ಇರಲಿಲ್ಲ.

928ರ ಪಾಡು ಇದಕ್ಕಿಂತ ಕಷ್ಟದ್ದು. ಅದು ಬಂದಾಗ ಹಿರಿಸೊಸೆ ಇನ್ನೂ ಅಡುಗೆಮನೆಯಲ್ಲೇ ಇದ್ದಳು. 1964ರಿಂದ ತಯಾರಾಗುತ್ತಿದ್ದ ಪೋರ್ಷೆ 911ಕ್ಕೆ ಕಾಲ ಮುಗಿಯಿತು, ಗಾಳಿಯಿಂದ ತಣಿಯುವ ಹಿಂಬದಿಯ ಎಂಜಿನ್ ಅಮೆರಿಕದ ಹೊಗೆ ಮತ್ತು ಸದ್ದಿನ ನಿಯಮಗಳೆದುರು ಹೆಚ್ಚು ದಿನ ನಿಲ್ಲಲಾರದು ಎಂದು ಕಂಪನಿಯ ಮುಖ್ಯಸ್ಥ ಅರ್ನ್ಸ್ಟ್ ಫುರ್ಮನ್ ತೀರ್ಮಾನಿಸಿದ್ದರು. ಹಾಗಾಗಿ 928ರಲ್ಲಿ ಎಲ್ಲವೂ ತಿರುವುಮುರುವು: ಎಂಜಿನ್ ಮುಂದೆ, ನೀರಿನಿಂದ ತಣಿಯುವ ಎಂಟು ಸಿಲಿಂಡರು, ತೂಕ ಸಮನಾಗಲೆಂದು ಗೇರ್‌ಬಾಕ್ಸ್ ಹಿಂಬದಿಯ ಆಕ್ಸಲ್ ಬಳಿ. 1977ರಲ್ಲಿ ಜಿನೀವಾದಲ್ಲಿ ತೆರೆ ಸರಿಸಿದರು. ಮರುವರ್ಷಕ್ಕೆ ಯುರೋಪಿನ ವರ್ಷದ ಕಾರು ಎಂಬ ಬಿರುದೂ ಸಿಕ್ಕಿತು. ಸಾಮಾನ್ಯವಾಗಿ ಸಂಸಾರಸ್ಥರ ಕಾರುಗಳಿಗೆ ಸಿಗುವ ಬಿರುದು ಅದು. ಇಷ್ಟಾಗಿಯೂ 911 ಸಾಯಲಿಲ್ಲ. 1981ರಲ್ಲಿ ಪೀಟರ್ ಶುಟ್ಸ್ ಎಂಬ ಹೊಸ ಮುಖ್ಯಸ್ಥರು ಬಂದರು. ಮುಖ್ಯ ಎಂಜಿನಿಯರ್ ಹೆಲ್ಮುತ್ ಬೊಟ್ ಅವರ ಕೋಣೆಯ ಗೋಡೆಯಲ್ಲಿ ಒಂದು ನಕ್ಷೆ. 928ರ ಗೆರೆ ಮುಂದಕ್ಕೆ ಹೋಗುತ್ತಿದೆ, 911ರ ಗೆರೆ ಆ ವರ್ಷದ ಕೊನೆಗೆ ನಿಂತಿದೆ. ಶುಟ್ಸ್ ಮಾರ್ಕರ್ ಪೆನ್ನು ತೆಗೆದುಕೊಂಡು ಆ ಗೆರೆಯನ್ನು ಕಾಗದ ದಾಟಿಸಿ ಗೋಡೆಯ ಮೇಲೆ ಬಾಗಿಲಿನವರೆಗೂ ಎಳೆದರಂತೆ. ಇದನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಕೇಳುವವರೆಲ್ಲ 911 ಉಳಿಯಿತೆಂದು ಖುಷಿಪಡುತ್ತಾರೆ. ನನಗೆ ಮಾತ್ರ ಪಕ್ಕದಲ್ಲೇ ಇದ್ದ 928ರ ಗೆರೆಯ ನೆನಪಾಗುತ್ತದೆ.

ಅಷ್ಟು ಬಯ್ಯಿಸಿಕೊಂಡ ಎಕ್ಸ್‌ಜೆ-ಎಸ್ ಇಪ್ಪತ್ತೊಂದು ವರ್ಷ ತಯಾರಾಯಿತು. ಒಂದು ಲಕ್ಷ ಹದಿನೈದು ಸಾವಿರಕ್ಕೂ ಹೆಚ್ಚು ಕಾರುಗಳು ಹೊರಬಂದವು, ಇ-ಟೈಪಿಗಿಂತ ನಲವತ್ತು ಸಾವಿರದಷ್ಟು ಹೆಚ್ಚು. 928 ಹದಿನೆಂಟು ವರ್ಷಗಳಲ್ಲಿ ಅರವತ್ತೊಂದು ಸಾವಿರದ ಆಸುಪಾಸಿಗೆ ನಿಂತಿತು. ಬಹಳ ಕಾಲ ಎರಡೂ ಯಾರಿಗೂ ಬೇಡವಾಗಿ ಹಳೆಯ ಕಾರುಗಳ ಅಂಗಳದ ಮೂಲೆಯಲ್ಲಿದ್ದವು. ಹಿರಿಸೊಸೆಯರ ಬೆಲೆ ಆಕಾಶಕ್ಕೆ ಹೋದ ಮೇಲೆ ಸಂಗ್ರಹಕಾರರ ಕಣ್ಣು ಇತ್ತ ಹೊರಳಿತು. ಅಳಿಯನ ಕೈಗೆ ಇವು ಎಟುಕುವುದು ಇದೇ ಕಾರಣಕ್ಕೆ.

ಒಂದು ದಿರ್ಹಮ್ ನಾಣ್ಯ

ಫೋಟೋದ ಆ ಹಸಿರು ಕಾರು 1986ರದು, ಬ್ರಿಟಿಷ್ ಎಂಜಿನಿಯರ್ ಒಬ್ಬರದು. ಬಾನೆಟ್ ಎತ್ತಿದರೆ ನೆಲ ಕಾಣುವುದಿಲ್ಲ. 5.3 ಲೀಟರಿನ ಹನ್ನೆರಡು ಸಿಲಿಂಡರಿನ ಎಂಜಿನ್ನು, ಅದರ ಮೇಲೆ ಹೋಸ್ ಪೈಪುಗಳು, ವಯರುಗಳು, ಕ್ಲಿಪ್ಪುಗಳು, ದೀಪಾವಳಿ ಹಿಂದಿನ ದಿನದ ಸೆಂಟ್ರಲ್ ಮಾರುಕಟ್ಟೆಯಂತೆ ಕಾಲಿಡಲು ಜಾಗವಿಲ್ಲ. ಹನ್ನೆರಡು ಸ್ಪಾರ್ಕ್ ಪ್ಲಗ್ಗುಗಳಲ್ಲಿ ಮುಂದಿನ ಎರಡು ಏರ್‌ಕಂಡಿಷನರಿನ ಕಂಪ್ರೆಸರ್ ಅಡಿಯಲ್ಲಿ ಅಡಗಿರುತ್ತವೆ. ಎಷ್ಟೋ ಗ್ಯಾರೇಜುಗಳಲ್ಲಿ ಹತ್ತು ಪ್ಲಗ್ ಬದಲಿಸಿ ಹನ್ನೆರಡರ ಬಿಲ್ಲು ಮಾಡುತ್ತಿದ್ದರು. ನಮ್ಮ ಫೋರ್‌ಮನ್ ಕುಂದಾಪುರದ ಕಡೆಯವರು, ಎಲ್ಲರಿಗೂ ಬರೀ ‘ಅಣ್ಣ’. ಕಾರು ಬಂತೆಂದರೆ ಆ ಎರಡನ್ನೇ ಮೊದಲು ಬಿಚ್ಚುತ್ತಿದ್ದರು. “ಇವೆರಡನ್ನು ನೋಡಿದರೆ ಹಿಂದಿನ ಮೆಕ್ಯಾನಿಕ್ ಎಂಥವನೆಂದು ಗೊತ್ತಾಗುತ್ತದೆ” ಎನ್ನುವುದು ಅವರ ಮಾತು.

ಮೂರು ದಿನದ ಕೆಲಸ ಮುಗಿಸಿ ಸ್ಟಾರ್ಟ್ ಮಾಡಿದಾಗ ಅಣ್ಣ ಕಿಸೆಯಿಂದ ಒಂದು ದಿರ್ಹಮ್ ನಾಣ್ಯ ತೆಗೆದರು, ಕಾಫಿ ಹೂಜಿಯ ಚಿತ್ರವಿರುವ, ಆಗಿನ ದೊಡ್ಡ ಅಳತೆಯದು. ಎಂಜಿನ್ನಿನ ಮೇಲೆ ಸಮತಟ್ಟಾದ ಒಂದು ಜಾಗ ನೋಡಿ ಅಂಚಿನ ಮೇಲೆ ನಿಲ್ಲಿಸಿ ಕೈ ಬಿಟ್ಟರು. ನಾಣ್ಯ ನಿಂತಿತು. ಕೆಳಗೆ ಹನ್ನೆರಡು ಪಿಸ್ಟನ್ನುಗಳು ಮೇಲೆ ಕೆಳಗೆ ಹೋಗುತ್ತಿವೆ, ಮೇಲೆ ನಾಣ್ಯ ನಿಂತೇ ಇದೆ. ವೆಲ್ಡಿಂಗ್ ಮಾಡುತ್ತಿದ್ದವನೂ ಕನ್ನಡಕ ಎತ್ತಿ ನೋಡಲು ಬಂದ. ನಾನು ಅಂಗಿ ಬದಲಿಸಿ ಬಂದು ಫೋಟೋ ತೆಗೆಸಿಕೊಂಡದ್ದು ಅದಾದ ಮೇಲೆ. ಆ ನಾಣ್ಯ ನೋಡಿರದಿದ್ದರೆ ಬಹುಶಃ ತೆಗೆಸಿಕೊಳ್ಳುತ್ತಲೇ ಇರಲಿಲ್ಲ.

ಮಧ್ಯಾಹ್ನ ಪರೀಕ್ಷೆಗೆಂದು ಅಣ್ಣ ನನ್ನನ್ನೂ ಕೂರಿಸಿಕೊಂಡು ಧೈದ್ ದಾಟಿ ಮಸಾಫಿ ಕಡೆ ಹೊರಟರು. ಮೂರೇ ಗೇರಿನ ಆಟೊಮ್ಯಾಟಿಕ್. ಮರಳುಗಾಡಿನ ನೆಟ್ಟಗಿನ ರಸ್ತೆಯಲ್ಲಿ ಮುಳ್ಳು ನೂರಿಪ್ಪತ್ತಕ್ಕೆ ಹೋದದ್ದು ನನಗೆ ಕಂಡಿತೇ ಹೊರತು ಕೇಳಲಿಲ್ಲ. ಊರಿನ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಗಳ ಗಡಗಡವನ್ನೇ ವೇಗವೆಂದು ತಿಳಿದಿದ್ದವನಿಗೆ ಅದು ಬೇರೆಯೇ ಲೋಕ. ದೂರ ಪ್ರಯಾಣದ ಸೊಗಸಿನ ಕಾರು ಎಂದು ಯುರೋಪಿನವರು ಗ್ರ್ಯಾಂಡ್ ಟೂರರ್ ಎಂದು ಕರೆಯುವುದು ಯಾವುದನ್ನು ಎಂದು ಆ ಅರ್ಧ ಗಂಟೆಯಲ್ಲಿ ತಿಳಿಯಿತು. ಬೆಳಿಗ್ಗೆ ಇಬ್ಬರು ಹೊರಟು ದೇಶ ದಾಟಿ ಸಂಜೆ ಇಳಿದಾಗ ಅಂಗಿಯ ಮಡಿಕೆ ಮುರಿದಿರಬಾರದು. ಅಷ್ಟೇ ಅದರ ಕೆಲಸ.

ಬೆಟ್ಟದ ಏರು ಸುರುವಾಯಿತು, ತಾಪದ ಮುಳ್ಳೂ ಏರಿತು. ಅಣ್ಣ ಏನೂ ಮಾತಾಡದೆ ಏರ್‌ಕಂಡಿಷನರ್ ಆರಿಸಿ, ಎರಡೂ ಗಾಜು ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದರು. ಹೊರಗೆ ನಲವತ್ತನಾಲ್ಕು ಡಿಗ್ರಿ. ಒಳಗೆ ಕಾಲಿಗೆ ಒಲೆಯ ಬಾಯಿಯ ಗಾಳಿ. ಹೀಟರ್ ಎಂದರೆ ಇನ್ನೊಂದು ಸಣ್ಣ ರೇಡಿಯೇಟರ್ ತಾನೆ. ಎಂಜಿನ್ನಿನ ಬಿಸಿಯನ್ನು ನಮ್ಮ ಮೈಮೇಲೆ ಸುರಿದು ಅದನ್ನು ಉಳಿಸಿದರು. ಇಪ್ಪತ್ತು ಕಿಲೋಮೀಟರ್ ಹಾಗೆ ಬಂದೆವು. ಇಳಿದಾಗ ನನ್ನ ಅಂಗಿಯಲ್ಲಿ ಮಡಿಕೆ ಹುಡುಕುವ ಹಾಗೇ ಇರಲಿಲ್ಲ, ಅದು ಒದ್ದೆ ಬಟ್ಟೆ. ರೇಡಿಯೇಟರಿನ ಕೆಳಗಿನ ಅರ್ಧ ಭಾಗದಲ್ಲಿ ಕಸ ಕಟ್ಟಿಕೊಂಡಿತ್ತು. ಆ ಅಲ್ಯೂಮಿನಿಯಮ್ ಎಂಜಿನ್ ಒಂದೇ ಒಂದು ಸಲ ಮಿತಿಮೀರಿ ಬಿಸಿಯಾದರೂ ಸಾಕು, ವಾಲ್ವ್ ಕೂರುವ ಉಂಗುರಗಳು ಸಡಿಲಾಗಿ ಬೀಳುವುದುಂಟು. ಆಮೇಲೆ ನಾಣ್ಯ ನಿಲ್ಲಿಸುವ ಮಾತೇ ಇಲ್ಲ.

ಕೌಂಟರಿನ ಗುಮಾಸ್ತನಾಗಿ ಇನ್ನೊಂದು ಮಾತು. ಈ ಕಾರಿಗೆ ನಾನು ಅತಿ ಹೆಚ್ಚು ಸಲ ತರಿಸಿದ್ದು ಪೆಟ್ರೋಲ್ ಹೋಸುಗಳನ್ನು. ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಅವು ದಿನವಿಡೀ ಬೇಯುತ್ತವೆ, ಗಟ್ಟಿಯಾಗಿ ಬಿರಿಯುತ್ತವೆ, ಪೆಟ್ರೋಲು ಬಿಸಿ ಲೋಹದ ಮೇಲೆ ಜಿನುಗುತ್ತದೆ. ಬೆಂಕಿ ಬಿದ್ದು ಹೋದ ಎಕ್ಸ್‌ಜೆ-ಎಸ್‌ಗಳ ಕಥೆಯ ಹಿಂದೆ ಬಹುಪಾಲು ಇರುವುದು ಈ ಕೆಲವೇ ಅಡಿ ರಬ್ಬರ್. ಅದರ ಬೆಲೆ ಆ ಕಾರಿನ ಒಂದು ಟೈರಿಗಿಂತ ಕಡಿಮೆ. ಹೆಚ್ಚಿನ ಯಜಮಾನರು ಟೈರು ಹಾಕಿಸುತ್ತಿದ್ದರು.

ರುಬ್ಬುಗುಂಡಿನಂತೆ ತಿರುಗಿಸಿದ್ದು

928 ನಮ್ಮಲ್ಲಿಗೆ ಬರುತ್ತಿದ್ದದ್ದು ಅಪರೂಪ. ಆದರೆ ಒಂದು ಬೆಳಿಗ್ಗೆ ಚೆನ್ನಾಗಿ ನೆನಪಿದೆ. ಯಾರೋ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೋದವರು 928ರಲ್ಲೇ ಎಸ್4 ಎಂಬ 1988ರ ಮಾದರಿಯೊಂದನ್ನು ಕಡಲ ದಂಡೆಯ ಹತ್ತಿರದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಹೊದಿಸಿ ಬಿಟ್ಟಿದ್ದರು. ಮೂರು ವರ್ಷ. ಕೊಂಡವರು ಬ್ಯಾಟರಿ ತಂದು ಕಾಯುತ್ತಿದ್ದರು, ಅಣ್ಣ ಬಂದು ಕೀಲಿ ತಿರುಗಿಸಿದರೆ ಆಯಿತೆಂದು. ಅಣ್ಣ ಕೀಲಿಯನ್ನು ಕಿಸೆಗೆ ಹಾಕಿಕೊಂಡರು. ಕಾರಿನ ಅಡಿ ಮಲಗಿ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದರು. ನಿಧಾನವಾಗಿ, ಅಜ್ಜಿ ರುಬ್ಬುಗುಂಡು ತಿರುಗಿಸುವ ಹಾಗೆ, ಎಲ್ಲಾದರೂ ತಡೆಯುತ್ತದೆಯೇ ಎಂದು ಅಂಗೈಯಲ್ಲೇ ಕೇಳುತ್ತ. ಎರಡು ಸುತ್ತು ಸುಗಮವಾಗಿ ಬಂತು. ಆದರೂ ಸ್ಟಾರ್ಟ್ ಮಾಡಲು ಒಪ್ಪಲಿಲ್ಲ. ಎಳೆದುಕೊಂಡೇ ಬಂದೆವು.

ಕಾರಣ ಒಂದು ರಬ್ಬರ್ ಬೆಲ್ಟು. 928ರಲ್ಲಿ ವಾಲ್ವುಗಳನ್ನು ಆಡಿಸುವುದು ಎರಡು ಮೀಟರಿಗೂ ಉದ್ದದ ಒಂದು ಹಲ್ಲುಬೆಲ್ಟು. ಅದೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಮೂವತ್ತೆರಡು ವಾಲ್ವಿನ ಎಸ್4ರಲ್ಲಿ ಅದು ಹರಿದರೆ, ಅಥವಾ ಪಂಪು ಹಿಡಿದುಕೊಂಡು ಬೆಲ್ಟು ಹಾರಿದರೆ, ಪಿಸ್ಟನ್ನುಗಳು ಹೋಗಿ ವಾಲ್ವುಗಳಿಗೆ ಬಡಿಯುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಎಂಜಿನ್ ಗುಜರಿ. ಆ ಬೆಲ್ಟನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂಬುದಕ್ಕೆ ಕಾಗದವಿರಲಿಲ್ಲ. “ಕಾಗದವಿಲ್ಲದ ಬೆಲ್ಟು ಹರಿದ ಬೆಲ್ಟೇ” ಎಂದರು ಅಣ್ಣ. ಇನ್ನೂ ಒಂದನ್ನು ಪರೀಕ್ಷಿಸಿದರು, ಅದು ಆಟೊಮ್ಯಾಟಿಕ್ ಆದದ್ದರಿಂದ. ಎಂಜಿನ್ನಿನಿಂದ ಹಿಂಬದಿಯ ಗೇರ್‌ಬಾಕ್ಸಿಗೆ ಹೋಗುವ ಉದ್ದನೆಯ ಶಾಫ್ಟು ತನ್ನ ಹಿಡಿಕೆಯಲ್ಲಿ ಜಾರಿ ಮುಂದಕ್ಕೆ ಒತ್ತಿದರೆ ಕ್ರ್ಯಾಂಕಿನ ಬೇರಿಂಗ್ ಸವೆಯುತ್ತದೆ, ಸವೆದು ಸವೆದು ಕೊನೆಗೆ ಬ್ಲಾಕನ್ನೇ ತಿನ್ನುತ್ತದೆ. ಆ ಬ್ಲಾಕಿನ ಸಿಲಿಂಡರುಗಳಿಗೆ ಒಳಗವಚವಿಲ್ಲ; ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ ಮೇಲೆ ನೇರವಾಗಿ ಪಿಸ್ಟನ್ ಜಾರುತ್ತದೆ. ಕೆಟ್ಟರೆ ಊರಿನ ಲೇತ್ ಅಂಗಡಿಯಲ್ಲಿ ಬೋರಿಂಗ್ ಮಾಡಿಸಿ ಬರುವ ಜಾತಿಯದಲ್ಲ.

ಎರಡು ವಾರ ಕಳೆದು ಅದು ಸ್ಟಾರ್ಟಾಯಿತು. ಸ್ಟಾರ್ಟಾದ ಮೇಲೆ ಇಂಡಿಕೇಟರ್ ಹಾಕಿದರೆ ಪೆಟ್ರೋಲಿನ ಮುಳ್ಳು ಕುಣಿಯತೊಡಗಿತು. ಅರ್ಥಿಂಗ್ ಕೂಡುವ ಜಾಗಗಳಲ್ಲೆಲ್ಲ ಹಸಿರು ಪಾಚಿಯಂಥ ಕಿಲುಬು. ಒಂದೊಂದನ್ನೇ ಬಿಚ್ಚಿ ಉಜ್ಜಿ ಕೂರಿಸಲು ಎರಡು ದಿನ ಹಿಡಿಯಿತು. ಆದರೆ ನಾನು ಬೆರಗಾದದ್ದು ಬೇರೆಯದಕ್ಕೆ. ಕಡಲ ಗಾಳಿಯಲ್ಲಿ ಮೂರು ವರ್ಷ ನಿಂತಿದ್ದ ಆ ಮೈಮೇಲೆ ತುಕ್ಕಿನ ಒಂದು ಗುಳ್ಳೆಯೂ ಇರಲಿಲ್ಲ. ಬಾಗಿಲು, ಬಾನೆಟ್, ಮುಂದಿನ ಮಡ್ಗಾರ್ಡು ಅಲ್ಯೂಮಿನಿಯಮ್ಮು. ಉಳಿದ ಉಕ್ಕಿಗೆಲ್ಲ ಕಾರ್ಖಾನೆಯಲ್ಲೇ ಸತುವಿನ ಲೇಪ. ಬಂಪರುಗಳು ಮೈಬಣ್ಣದ ಪ್ಲಾಸ್ಟಿಕ್ಕಿನೊಳಗೆ. ಸ್ಟೀರಿಂಗನ್ನು ಎತ್ತರಿಸಿದರೆ ಎದುರಿನ ಮೀಟರುಗಳ ಪೆಟ್ಟಿಗೆಯೂ ಜೊತೆಗೇ ಎದ್ದು ಬರುತ್ತದೆ, ಚಕ್ರದ ಕಡ್ಡಿ ಕಣ್ಣಿಗೆ ಅಡ್ಡಬರಬಾರದೆಂದು. ಹಿಂದಿನ ಸೀಟಿನವರಿಗೂ ಬಿಸಿಲುಪಟ್ಟಿ, ತಣ್ಣಗಾಗುವ ಕೈಪೆಟ್ಟಿಗೆ. ಯಾರೂ ಕೇಳದ ಪ್ರಶ್ನೆಗಳಿಗೂ ಉತ್ತರ ಬರೆದಿಟ್ಟ ವಿದ್ಯಾರ್ಥಿಯ ಉತ್ತರಪತ್ರಿಕೆ ಆ ಕಾರು. ಮೆಚ್ಚುಗೆಯಾಯಿತು. ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳಬೇಕೆಂದು ಅನ್ನಿಸಲಿಲ್ಲ. ಯಾಕೆಂದು ಈಗಲೂ ಯೋಚಿಸುತ್ತೇನೆ.

ಗೆಜ್ಜೆ ಬಿಚ್ಚಿದ ಮೇಲೆ

ಅಳಿಯ ಕಳುಹಿಸಿದ ಪತ್ರಿಕೆಗಳ ಹೋಲಿಕೆಗಳನ್ನೆಲ್ಲ ಓದಿದೆ. ನೂರರ ವೇಗಕ್ಕೆ ಎಷ್ಟು ಸೆಕೆಂಡು, ತಿರುವಿನಲ್ಲಿ ಹೇಗೆ, ಯಾವುದರ ಬೆಲೆ ಏರೀತು. ಅಲ್ಲಿ ಕಾರು ಸದಾ ಓಡುತ್ತಿರುತ್ತದೆ. ಆದರೆ ಸಂಗ್ರಹದ ಕಾರು ಓಡುವುದು ವರ್ಷಕ್ಕೆ ಎಷ್ಟು ದಿನ? ಅದು ಬಾಳುವುದು ನಿಂತು. ಅದರಲ್ಲೂ ನಮ್ಮ ಊರಿನಲ್ಲಿ. ತುಳುವರ ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ದೈವಗಳ, ಯಕ್ಷಗಾನ ಮೇಳಗಳ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದು. ಹಳೆಯ ಕಾರಿನ ಪಂಚಾಂಗವೂ ಅದೇ. ನಡುವಿನ ಐದು ತಿಂಗಳಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹಾಗಾಗಿ ಕರಾವಳಿಯವನು ಕೇಳಬೇಕಾದ್ದು ಯಾವುದು ಚೆನ್ನಾಗಿ ಓಡುತ್ತದೆ ಎಂದಲ್ಲ, ಯಾವುದು ಚೆನ್ನಾಗಿ ನಿಲ್ಲುತ್ತದೆ ಎಂದು.

ನಿಲ್ಲುವುದೆಂದರೆ ಏನೆಂದು ನಾನು ಕಲಿತದ್ದು ಮಲ್ಪೆಯಲ್ಲಿ, ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿಯಿಂದ. ಅದೂ ಯುರೋಪಿನ ಕುಲದ್ದೇ, ಇಟಲಿಯ ಫಿಯೆಟ್ 1100ರ ಸಂತಾನ. ಕಡಲಿಗೆ ಮುಕ್ಕಾಲು ಮೈಲಿ ದೂರದ ಮನೆ. ಮಳೆಗಾಲದಲ್ಲಿ ದೊಡ್ಡಪ್ಪ ಅದನ್ನು ಸೋಗೆಯ ಚಪ್ಪರದಡಿ ನಿಲ್ಲಿಸಿ, ಮೀನಿನ ಲಾರಿಯ ಟಾರ್ಪಾಲು ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿಯುತ್ತಿದ್ದರು. ಪ್ರತಿ ಗುರುವಾರ ಮುಂಭಾಗ ಮಾತ್ರ ಬಿಚ್ಚಿ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು, ಮಂಗಳಾರತಿ ಎತ್ತಿದ ಸಮಾಧಾನದಲ್ಲಿ ಆರಿಸುತ್ತಿದ್ದರು. ನಾಲ್ಕನೆಯ ವರ್ಷ ಗಣೇಶ ಚೌತಿಗೆ ಉಡುಪಿಗೆ ಹೊರಟಾಗ ನನ್ನ ಕಾಲಡಿ ರಸ್ತೆ ಕಂಡಿತು. ಮ್ಯಾಟಿನ ಅಡಿ ತಗಡು ಇರಲೇ ಇಲ್ಲ, ತುಕ್ಕಿನ ಜಾಲರಿ ಇತ್ತು. ನಾನು ಕಾಲು ಎತ್ತಿ ಕುಳಿತೆ. ಬ್ರಹ್ಮಾವರದಲ್ಲಿ ಸೈಲೆನ್ಸರ್ ಕಳಚಿ ಬಿತ್ತು. ದೊಡ್ಡಪ್ಪ ಇಳಿದು ಅದನ್ನು ಎತ್ತಿಕೊಂಡು, ಕೈ ಸುಟ್ಟುಕೊಂಡು, “ವಾರ ವಾರ ಸ್ಟಾರ್ಟ್ ಮಾಡುತ್ತಿದ್ದೆನಲ್ಲ” ಎಂದರು, ಅದಕ್ಕೆ ಕೇಳಿಸುವ ಹಾಗೆ. (ಮಲ್ಪೆಯಿಂದ ಉಡುಪಿಗೆ ಹೋಗುವವರು ಬ್ರಹ್ಮಾವರಕ್ಕೆ ಯಾಕೆ ಹೋದರು ಎಂದು ಕೇಳಬೇಡಿ. ಅಲ್ಲಿ ಒಬ್ಬರ ಮನೆಯ ಚಕ್ಕುಲಿ ಚೆನ್ನಾಗಿರುತ್ತಿತ್ತು.)

ಅವರು ಮಾಡಿದ ಎರಡು ಉಪಚಾರಗಳೂ ಆ ಕಾರಿಗೆ ವಿಷ ಎಂದು ಶಾರ್ಜಾಕ್ಕೆ ಹೋದ ಮೇಲೆ ತಿಳಿಯಿತು. ಸುರಿಯುವ ಮಳೆ ಕಾರನ್ನು ತಿನ್ನುವುದಿಲ್ಲ, ಅದು ಉಪ್ಪನ್ನು ತೊಳೆದುಕೊಂಡೇ ಹೋಗುತ್ತದೆ. ತಿನ್ನುವುದು ಒಳಗೆ ಸಿಕ್ಕಿಬಿದ್ದ ನೀರು: ಎರಡು ತಗಡು ಬೆಸೆದ ಮಡಿಕೆಯಲ್ಲಿ, ಎಲೆ ತುಂಬಿ ಕಟ್ಟಿಕೊಂಡ ರಂಧ್ರದಲ್ಲಿ, ಗಾಳಿಯಾಡದ ಟಾರ್ಪಾಲಿನಡಿ. ಐದು ನಿಮಿಷದ ಸ್ಟಾರ್ಟೂ ಹಾಗೆಯೇ. ಪೆಟ್ರೋಲು ಉರಿದಾಗ ನೀರಾವಿ ಹುಟ್ಟುತ್ತದೆ; ಸೈಲೆನ್ಸರ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸಿದರೆ ಅದು ಒಳಗೇ ನೀರಾಗಿ ಕೂರುತ್ತದೆ. ಒಂದೋ ಇಪ್ಪತ್ತು ಕಿಲೋಮೀಟರ್ ಓಡಿಸಬೇಕು, ಇಲ್ಲವೇ ಮುಟ್ಟಬಾರದು.

ಈಗ ಎಕ್ಸ್‌ಜೆ-ಎಸ್ ಅನ್ನು ಮಂಗಳೂರು ಬಿಜೈಯ ನನ್ನ ಮನೆಯ ಅಂಗಳದಲ್ಲಿ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಕಲ್ಪಿಸಿಕೊಳ್ಳುತ್ತೇನೆ. ಆ ಎರಡು ರೆಕ್ಕೆಗಳ ಬುಡದಲ್ಲಿ ಮಾವಿನ ಎಲೆ ಕೂತು ಕೊಳೆಯುತ್ತದೆ, ಅದರಡಿ ತುಕ್ಕು. ಬಾಗಿಲ ಕೆಳಗಿನ ಪೊಳ್ಳು ತೊಲೆಗಳಲ್ಲಿ ತುಕ್ಕು. ಹಿಂಬದಿಯ ಚಕ್ರದ ಭಾರವನ್ನು ಎಳೆದು ಹಿಡಿಯುವ ತೋಳು ನೆಲದ ತಗಡಿಗೆ ಸೇರುವ ಜಾಗದಲ್ಲಿ ತುಕ್ಕು, ಅದು ಮಾತ್ರ ಅಪಾಯದ್ದು. ಒಳಗೆ ಸೀಟಿನ ಚರ್ಮಕ್ಕೆ ಹದಿನೈದು ದಿನದಲ್ಲಿ ಬೂಸು. ಡ್ಯಾಶ್‌ಬೋರ್ಡಿನ ಮರದ ಹೊಳಪು ಬಿರಿಯುತ್ತದೆ. ಅದೇ ಜಾಗದಲ್ಲಿ 928. ಆರಿಸಿದಾಗ ಹೆಡ್‌ಲೈಟುಗಳು ಆಕಾಶ ನೋಡುತ್ತ ಮಲಗುತ್ತವೆ, ಮಳೆಗೆ ಒಡ್ಡಿದ ಎರಡು ಬೋಗುಣಿಗಳ ಹಾಗೆ. ಮೈಗೆ ಏನೂ ಆಗುವುದಿಲ್ಲ. ಆದರೆ ಅರ್ಥಿಂಗುಗಳಿಗೆ ಕಿಲುಬು, ಪ್ರಯಾಣಿಕನ ಕಾಲಬುಡದಲ್ಲಿರುವ ಫ್ಯೂಸು-ರಿಲೇಗಳ ಮಹಾಫಲಕಕ್ಕೆ ತೇವ. ಮಳೆಗಾಲಕ್ಕೆ ಬೆಚ್ಚಗಿನ ಮನೆ ಹುಡುಕುವ ಹೆಗ್ಗಣಕ್ಕೆ ವಯರಿಂಗ್ ಎಂದರೆ ಪತ್ರೊಡೆ. ಒಂದರ ರೋಗ ಹೊರಗೆ ಕಾಣುತ್ತದೆ, ಬಡಿದರೆ ಟಿಂಕರ್ ಕೆಲಸದವನಿಗೆ ತಿಳಿಯುತ್ತದೆ, ಕತ್ತರಿಸಿ ಹೊಸ ತಗಡು ಬೆಸೆಯಬಹುದು. ಇನ್ನೊಂದರದು ಒಳಗೆ, ಹೇಳದೆ ಬರುತ್ತದೆ.

ಪೆಟ್ರೋಲಿನದು ಬೇರೆ ತಲೆನೋವು. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಕಣಿವೆಯಲ್ಲಿ ಬೇಯುವ ಆ ಹೋಸುಗಳ ನೆನಪಾದರೆ ಎದೆ ಹೊಡೆದುಕೊಳ್ಳುತ್ತದೆ. 928ರಲ್ಲೂ ಎಂಜಿನ್ನಿನ ಮೇಲೇ ಪೆಟ್ರೋಲ್ ಹೋಸುಗಳಿವೆ, ಅವನ್ನೂ ಬಿಡುವಂತಿಲ್ಲ. ಯಾವ ಕಾರು ತಂದರೂ ಬಂದ ವಾರವೇ ಎಲ್ಲ ಹೋಸುಗಳನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸದೆ ಒಂದು ಲೀಟರೂ ಹಾಕಬಾರದು.

ಕಾನೂನು ಕೂಡ ಕಾರನ್ನು ನಿಲ್ಲಿಸುವ ಪಕ್ಷದಲ್ಲೇ ಇದೆ. 2021ರ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ ವಾಹನ ವಿಂಟೇಜ್. ಸಂಖ್ಯಾಫಲಕದಲ್ಲಿ ವಿಎ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ಆ ಫಲಕವಿರುವ ಕಾರು ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ತುಂಬಿಸಲು, ರಿಪೇರಿಗೆ ರಸ್ತೆಗಿಳಿಯಬಹುದು, ದಿನನಿತ್ಯದ ಓಡಾಟಕ್ಕಿಲ್ಲ. 1978ರಲ್ಲಿ ನೋಂದಣಿಯಾದದ್ದಕ್ಕೆ 2028ರಲ್ಲಿ ಐವತ್ತು ತುಂಬುತ್ತದೆ. ಆಮದು ಸುಂಕದ ವಿಷಯ ಅಳಿಯನೇ ವಕೀಲರನ್ನು ಕೇಳಿಕೊಳ್ಳಲಿ, ನನ್ನ ರಕ್ತದೊತ್ತಡಕ್ಕೆ ಅದು ಒಳ್ಳೆಯದಲ್ಲ.

ಓಡಿಸಿದರೂ ಎಲ್ಲಿಗೆ? ದೇಶ ದಾಟುವ ಕಾರಿಗೆ ನಮ್ಮಲ್ಲಿರುವುದು ಘಟ್ಟ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ 4.8 ಮೀಟರಿಗೂ ಉದ್ದದ, ಒಂದೂಮುಕ್ಕಾಲು ಟನ್ ತೂಕದ ಎಕ್ಸ್‌ಜೆ-ಎಸ್ ಅನ್ನು ಹತ್ತಿಸುವುದೆಂದರೆ ಒಳಗಿನ ಬಚ್ಚಲಲ್ಲಿ ಹಂಡೆ ತಿರುಗಿಸಿದ ಹಾಗೆ. 928ರ ಹೆಮ್ಮೆಯ ವೈಸಾಕ್ ಆಕ್ಸಲ್ ವೇಗದ ತಿರುವಿನ ನಡುವೆ ಚಾಲಕ ಹೆದರಿ ಕಾಲೆತ್ತಿದರೆ ಹಿಂಚಕ್ರವನ್ನು ತಾನಾಗಿ ತುಸು ಒಳಮುಖ ಮಾಡಿ ಬಾಲ ಬೀಸದಂತೆ ಕಾಯುತ್ತದೆ. ಎದುರಿಗೆ ಬಸ್ಸು ಬಂದು, ಇಪ್ಪತ್ತರ ವೇಗದಲ್ಲಿ ಚರಂಡಿಯ ಅಂಚಿಗೆ ಸರಿದು ನಿಲ್ಲುವಾಗ ಆ ಆಕ್ಸಲಿಗೆ ಮಾಡಲು ಕೆಲಸವಿಲ್ಲ. ಅದರ ಮೇಲೆ ಜಾಗ್ವಾರಿಗೆ ಲೀಟರಿಗೆ ಐದು ಕಿಲೋಮೀಟರ್ ಸಿಕ್ಕರೆ ದೇವರಿಗೆ ಕಾಯಿ ಒಡೆಯಬೇಕು. ದಾರಿಯ ಲೆಕ್ಕದಲ್ಲಿ ಎರಡಕ್ಕೂ ನಮ್ಮೂರು ಸಲ್ಲುವುದಿಲ್ಲ. ಒಂದು ಡಿಸೆಂಬರಿನ ಬೆಳಿಗ್ಗೆ ಆರು ಗಂಟೆಗೆ, ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ ಇರುವ ಆ ತುಂಡು ರಸ್ತೆಯನ್ನು ಬಿಟ್ಟರೆ.

ಮೇ ತಿಂಗಳಲ್ಲಿ ಅಳಿಯನಿಗೆ ಫೋನು ಮಾಡಿದೆ. 928 ತೆಗೆದುಕೋ ಎಂದೆ. ಕೈಗೇರಿನದೇ ಇರಲಿ, ಬೆಲ್ಟಿನ ಕಾಗದವಿಲ್ಲದ್ದನ್ನು ಸ್ಟಾರ್ಟ್ ಮಾಡಿಯೂ ನೋಡಬೇಡ, ಇಲ್ಲಿಗೆ ತಂದರೆ ನಾಲ್ಕೂ ಕಡೆ ಗಾಳಿಯಾಡುವ ಹಂಚಿನ ಮಾಡಿನಡಿ ನಿಲ್ಲಿಸು, ಟಾರ್ಪಾಲು ಬೇಡ, ಹೆಗ್ಗಣಕ್ಕೆ ಒಂದು ಬೆಕ್ಕು ಸಾಕು ಎಂದೆಲ್ಲ ಹೇಳಿದೆ. ಅವನು ಎಲ್ಲವನ್ನೂ ಬರೆದುಕೊಂಡ. ಆಮೇಲೆ, “ಆದರೆ ಮಾವ, ನೀವು ಜಾಗ್ವಾರ್ ಇಟ್ಟುಕೊಂಡಿರಲ್ಲ” ಎಂದ.

ಅದು ನನ್ನದಾಗಿರಲಿಲ್ಲ ಎಂದು ಆಗ ಹೇಳಿದೆ. ವರ್ಕ್‌ಶಾಪು, ಅಣ್ಣ, ನಾಣ್ಯ, ಹೀಟರು, ಎಲ್ಲವನ್ನೂ. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಸಿಟ್ಟಾದನೇನೋ ಎಂದುಕೊಂಡೆ. “ನಾಣ್ಯ ಎಷ್ಟು ಹೊತ್ತು ನಿಂತಿತ್ತು?” ಎಂದು ಕೇಳಿದ.

ಮೊನ್ನೆ ಮೊಬೈಲಿಗೆ ಒಂದು ಫೋಟೋ ಬಂತು. ಯಾವುದೋ ಹಳ್ಳಿಯ ಗ್ಯಾರೇಜಿನ ಮುಂದೆ, ಮೋಡದ ಬೆಳಕಿನಲ್ಲಿ ಬೂದುಬಣ್ಣದ ಒಂದು ಎಕ್ಸ್‌ಜೆ-ಎಸ್. ಛಾವಣಿಯ ಮೇಲೆ ಮೊಣಕೈ ಊರಿ ಅಳಿಯ ನಿಂತಿದ್ದಾನೆ, ಬಿಳಿ ಅಂಗಿ. ಇನ್ನೂ ಕೊಂಡಿಲ್ಲವಂತೆ, ನೋಡಲು ಹೋದದ್ದಂತೆ. ಅಕ್ಕನಿಗೂ ಕಳುಹಿಸಿದ್ದಾನೆ, ಅವಳು ಅದನ್ನು ದೊಡ್ಡದು ಮಾಡಿಸಿ ಕೊಡಲು ಉಡುಪಿಯ ಸ್ಟುಡಿಯೋಗೆ ಹೇಳಿಯಾಗಿದೆ. ಹಿಂಬದಿಯ ಚಕ್ರದ ಮುಂದೆ, ಬಾಗಿಲ ತೊಲೆ ಮುಗಿಯುವಲ್ಲಿ, ಕಾರಿನ ಅಡಿಗೆ ಮೊಬೈಲ್ ಹಿಡಿದು ಇನ್ನೊಂದು ಫೋಟೋ ತೆಗೆದು ಕಳುಹಿಸು ಎಂದು ಬರೆದೆ. ಎರಡು ನೀಲಿ ಗೆರೆ ಬಿದ್ದಿವೆ. ಫೋಟೋ ಇನ್ನೂ ಬಂದಿಲ್ಲ.